ಗಡಿಗೆಯ ಹಸಿರು

“ಕನ್ನಡಿ ಒಡೆದ್ರೆ ಒಡೀಲಿ ಬಿಡೋ ಚಿಕ್ಕಣ್ಣ. ಈ ಭದ್ರನ ಮನೆ ನಾಣ್ಯ ತಂದು ಇಲ್ಲಿ ಗೋಡೆಗೆ ನೇತಾಕು. ಊರಿಗೂರೇ ಅದ್ರಲ್ಲಿ ಮುಖ ನೋಡ್ಕೊಂಡು ಕ್ಷೌರ ಮಾಡಿಸ್ಕೋಬಹುದು.”

ಹೀಗಂದವನು ಎಣ್ಣೆ ಅಂಗಡಿ ತೋಂಟಪ್ಪ. ಚಿಕ್ಕಣ್ಣನ ಕ್ಷೌರದಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಯಾರದೋ ಪೇಪರನ್ನು ತನ್ನದೆಂಬಂತೆ ಬಿಡಿಸಿ ಹಿಡಿದು, ತಲೆಯನ್ನೂ ಎತ್ತದೆ ಅಂದ. ಬೆಂಚಿನ ತುಂಬ ಜನ ಕೂತಿದ್ದರು. ಎಲ್ಲರೂ ನಕ್ಕರು. ನನ್ನ ಗಲ್ಲದ ಮೇಲೆ ಕತ್ತಿ ಇಟ್ಟಿದ್ದ ಚಿಕ್ಕಣ್ಣನೊಬ್ಬ ನಗು ತಡೆದುಕೊಂಡ. ಆದರೆ ಅವನ ಹೊಟ್ಟೆ ಕುಲುಕುವುದು ನನ್ನ ಭುಜಕ್ಕೆ ಗೊತ್ತಾಗುತ್ತಿತ್ತು.

ನಾನು ಎದ್ದೆ. ಒಂದು ಕೆನ್ನೆಯಲ್ಲಿ ನೊರೆ, ಕೊರಳಲ್ಲಿ ಬಟ್ಟೆ. ಅವನ ಎಣ್ಣೆ ಡಬ್ಬದಲ್ಲಿ ತೇಲುವ ಜಿರಲೆಯಿಂದ ಶುರುಮಾಡಿ, ತಕ್ಕಡಿಯ ತಟ್ಟೆಯ ಕೆಳಗೆ ಅಂಟಿಸಿದ ಹುಣಸೆಹಣ್ಣಿಗೆ ಬಂದು, ಅಲ್ಲಿಂದ ಅವನ ಮೀಸೆಗೆ ಹಚ್ಚುವ ಕಪ್ಪಿನವರೆಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಬೀದಿಯ ಆ ತುದಿಗೆ ಕೇಳುವಂತೆ ಹೇಳಿದೆ. ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆಗೆ ಬಂದರೆ ಅವ್ವ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಯಾರ ಹತ್ರ ಜಗಳ ಆಡ್ದೆ?” ಅಂದಳು. ಕೇಳುವ ಅಗತ್ಯವೇ ಇರಲಿಲ್ಲ. ಗೋಡೆಗೂಡಿನಲ್ಲಿದ್ದ ನಮ್ಮ ನಾಣ್ಯ ಬಾಗಿಲಿನ ಬಿಸಿಲು ಹಿಡಿದು ಎದುರು ಗೋಡೆಯ ಮೇಲೆ ರೊಟ್ಟಿಯಗಲದ ಬೆಳಕು ಬಿಟ್ಟಿತ್ತು. ಬೆಳಿಗ್ಗೆ ಅದು ಅಷ್ಟು ಹೊಳೆಯುತ್ತಿರಲಿಲ್ಲ.

ನಮ್ಮೂರಿನಲ್ಲಿ ಯಾರೇ ಮನೆ ಕಟ್ಟಲು ಪಾಯ ತೋಡಿದರೂ ಅಡಿಯಲ್ಲಿ ಒಂದು ಹಳೇ ಕಂಚಿನ ನಾಣ್ಯ ಸಿಗುತ್ತದೆ. ಒಂದೇ. ಇನ್ನಷ್ಟು ಸಿಗಲಿ ಎಂದು ಆಳಕ್ಕೆ ತೋಡಿದವರಿಗೆ ನೀರು ಸಿಕ್ಕಿದೆ. ನಾಣ್ಯದ ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಸವೆದುಹೋದ ಯಾವನೋ ರಾಜ. ಅದನ್ನು ನಡುಮನೆಯ ಗೂಡಿನಲ್ಲಿ ಇಡುತ್ತೇವೆ. ಮನೆಯವರು ತಣ್ಣಗಿದ್ದರೆ ನಾಣ್ಯಕ್ಕೆ ತಾನಾಗಿ ಹಸಿರು ಕೂರುತ್ತದೆ. ಮನೆಯವರಲ್ಲಿ ಯಾರೇ ಎಲ್ಲೇ ಜಗಳವಾಡಲಿ, ಸಂತೆಯಲ್ಲಿ ಆಡಿದರೂ ಸರಿ, ಹಸಿರು ಪುಡಿಪುಡಿಯಾಗಿ ಉದುರಿ ಕಂಚು ಹೊಳೆಯುತ್ತದೆ. ಬೇರೆ ಊರಿನವರು ಇದನ್ನು ಕಿಲುಬು ಅನ್ನುತ್ತಾರಂತೆ, ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆಯುತ್ತಾರಂತೆ. ನಮ್ಮಲ್ಲಿ ಕಿಲುಬು ಎಂದರೆ ಹಿರಿಯರು ಬಾಯಿ ಮೇಲೆ ಹೊಡೆಯುತ್ತಾರೆ. ಹಸಿರು ಅನ್ನಬೇಕು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ನೋಡುವುದು ಗೂಡನ್ನು.

ನನಗೆ ಹೆಸರಿಡುವಾಗಲೇ ತಪ್ಪಾಗಿದೆ. ಈರಭದ್ರ ಎಂದು ಇಟ್ಟರು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ತೀರಿಹೋದ ನಮ್ಮಪ್ಪನ ಹೆಸರು ಹಿಡಿದು ಏನೋ ಅಂದರು. ನಾನು ಡೆಸ್ಕು ಮಗುಚಿ ಆಚೆ ಬಂದವನು ಮತ್ತೆ ಒಳಗೆ ಕಾಲಿಡಲಿಲ್ಲ. ಕಲಾಯಿ ಮಸ್ತಾನ್ ಸಾಬರ ಹತ್ತಿರ ಸೇರಿಕೊಂಡೆ. ತಿದಿ ಒತ್ತುವುದು, ಪಾತ್ರೆ ಕಾಯಿಸುವುದು, ನವಸಾಗರ ಉದುರಿಸಿ ತವರ ಎಳೆಯುವುದು ಕಲಿತೆ. ಸಾಬರು ನನ್ನ ಸಿಟ್ಟಿಗೆ ಒಳ್ಳೆಯ ಉಪಯೋಗ ಕಂಡುಕೊಂಡಿದ್ದರು. ನನಗೆ ಯಾರ ಮೇಲಾದರೂ ಕೋಪ ಬಂದ ದಿನ ತಿದಿ ನನ್ನ ಕೈಗೇ ಕೊಡುತ್ತಿದ್ದರು. ಬೆಂಕಿ ಚೆನ್ನಾಗಿ ಏಳುತ್ತಿತ್ತು.

ಒಂದು ಸಲ ನವಸಾಗರದ ಪೊಟ್ಟಣ ಒಡೆದು ಹಿತ್ತಲಿನ ಗಂಜಲದ ಗಡಿಗೆಯ ಹತ್ತಿರ ಚೆಲ್ಲಿತ್ತು. ಅದರ ಮೇಲೆ ಯಾರದೋ ತಾಮ್ರದ ಚೊಂಬು ಬಿದ್ದಿತ್ತು. ವಾರದ ಮೇಲೆ ಎತ್ತಿ ನೋಡಿದರೆ ಚೊಂಬಿನ ಮೈಯೆಲ್ಲ ಗಿಳಿಯ ಬಣ್ಣ. ನನ್ನ ಕಸುಬು ಅಲ್ಲಿಂದ ಶುರು. ನಾಣ್ಯದ ಜಿಡ್ಡು ತೆಗೆದು, ನವಸಾಗರ ಮತ್ತು ಉಪ್ಪನ್ನು ಹುಳಿಮಜ್ಜಿಗೆಯಲ್ಲಿ ಅರೆದು ಸವರಿ, ಗಡಿಗೆಯ ತಳದಲ್ಲಿ ಹಳೇ ಗಂಜಲ ಬಿಟ್ಟು, ನಾಣ್ಯ ಅದಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ ಬಿಸಿಲಿಗಿಡುವುದು. ಘಾಟಿಗೇ ಹಸಿರು ಹತ್ತುತ್ತದೆ. ಕೊನೆಗೆ ದೀಪದ ಮಸಿ ಚೂರು ತೀಡಿದರೆ ತಾತನ ಕಾಲದ್ದು ಅನ್ನಬೇಕು, ಹಾಗಿರುತ್ತದೆ. ಸವರುವಾಗ ಇಕ್ಕಳದಲ್ಲಿ ಹಿಡಿದ ಕಡೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬೋಳು ಉಳಿಯುತ್ತದೆ. ಎಷ್ಟು ಮಾಡಿದರೂ ಅದೊಂದು ಹೋಗಲಿಲ್ಲ. ಒದ್ದೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದರೆ ಬೆರಳೂ ಹಸಿರಾಗುತ್ತದೆ. ಆದರೆ ಪರರ ಮನೆಯ ನಾಣ್ಯ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ನನ್ನ ಗಡಿಗೆಯ ಹಸಿರಿಗೆ ಕಿವಿ ಇಲ್ಲ. ಮನೆಯವರು ಒನಕೆ ಹಿಡಿದು ಹೊಡೆದಾಡಿದರೂ ಒಂದು ಪುಡಿ ಉದುರುವುದಿಲ್ಲ.

ಮೊದಲು ಬಂದವಳು ತೋಂಟಪ್ಪನ ಹೆಂಡತಿ. ಸೆರಗಿನಲ್ಲಿ ಮುಚ್ಚಿಕೊಂಡು ಬಂದ ನಾಣ್ಯ ಕೊಡದ ಬಾಯಿಯಂತೆ ಫಳಫಳ ಅನ್ನುತ್ತಿತ್ತು. “ಅವ್ರಿಗೆ ಗೊತ್ತಾಗ್ಬಾರ್ದು ಕಣಪ್ಪ” ಅಂದಳು. ಮಾರನೇ ವಾರ ತೋಂಟಪ್ಪನೇ ಬಂದ. “ನಮ್ಮನೆಯೋಳಿಗೆ ಗೊತ್ತಾಗ್ಬಾರ್ದು. ಅಂಚಲ್ಲಿ ಚೂರು ಬೋಳಾಗಿದೆ, ಸರಿಮಾಡ್ಕೊಡು” ಅಂದ. ಆಮೇಲೆ ಹಿತ್ತಲ ಬಾಗಿಲಿಗೆ ಪುರುಸೊತ್ತೇ ಇಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಹಸಿರು ನನ್ನದು. ಬಂದ ಪ್ರತಿಯೊಬ್ಬರೂ ಊರಿನಲ್ಲಿ ತಮ್ಮದೊಂದೇ ಮನೆ ಹೀಗೆ ಅಂದುಕೊಂಡಿದ್ದರು. ಪಾತ್ರೆ ತೂತಾದ ಸುದ್ದಿಯನ್ನು ಕಲಾಯಿಯವನು ಬೀದಿಯಲ್ಲಿ ಆಡಕೂಡದು ಎಂದು ಮಸ್ತಾನ್ ಸಾಬರು ತಿದಿ ಮುಟ್ಟಿಸಿ ಮಾತು ತೆಗೆದುಕೊಂಡಿದ್ದರು. ಕೋಪದಲ್ಲಿ ನಾನು ಏನೇನೋ ಅಂದಿದ್ದೇನೆ. ಅದೊಂದನ್ನು ಮಾತ್ರ ಅಂದಿಲ್ಲ. ಕ್ಷೌರದಂಗಡಿಯಲ್ಲಿ ನುಂಗಿಕೊಂಡದ್ದೂ ಅದನ್ನೇ.

ನಮ್ಮ ನಾಣ್ಯಕ್ಕೂ ಹಾಕುತ್ತೇನೆ ಅಂದರೆ ಅವ್ವ ಒಪ್ಪಲಿಲ್ಲ. “ಸುಳ್ಳು ಹಸಿರು ಈ ಗೂಡಲ್ಲಿ ಬೇಡ. ಹೊಳೆದ್ರೆ ಹೊಳೀಲಿ. ಕರೆಂಟು ಹೋದಾಗ ಉಪಯೋಗಕ್ಕೆ ಬರುತ್ತೆ.”

ಇದರಲ್ಲಿ ಸೋತು ಸುಣ್ಣವಾದವಳು ನನ್ನ ಅಕ್ಕ ಹೊನ್ನಕ್ಕ. ಮಾತು ಗಟ್ಟಿಯಾಗುವ ಮೊದಲು ಗಂಡಿನ ಮನೆಯವರು ತಮ್ಮ ನಾಣ್ಯ ತಂದು ಹೆಣ್ಣಿನ ಮನೆಯ ಗೂಡಿನಲ್ಲಿ, ಅವರ ನಾಣ್ಯದ ಪಕ್ಕದಲ್ಲಿ ಕೂರಿಸುತ್ತಾರೆ. ಯಾವ ಗೂಡಿನಲ್ಲಿ ಕೂತಿದೆಯೋ ಆ ಮನೆಯವರ ಜಗಳ ನಾಣ್ಯಕ್ಕೆ ತಟ್ಟುತ್ತದೆ. ಅಮಾವಾಸ್ಯೆಗೆ ಕೂರಿಸಿದರೆ ಹುಣ್ಣಿಮೆಗೆ ಬಂದು ನೋಡುತ್ತಾರೆ. ಹಸಿರು ಹಾಗೇ ಇದ್ದರೆ ಲಗ್ನ, ಉದುರಿದ್ದರೆ ಕೈಮುಗಿದು ಹೊರಡುವುದು. ಹಿಂದೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ನಾನು ಬಸ್ಸಿನಲ್ಲಿ ಕಂಡಕ್ಟರನ ಜೊತೆ ಕಿಟಕಿಯ ಗಾಜಿನ ವಿಚಾರಕ್ಕೆ ಕೈಕೈ ಮಿಲಾಯಿಸಿ ಬರುವಷ್ಟರಲ್ಲಿ ಅವರ ನಾಣ್ಯ ಬೆತ್ತಲಾಗಿತ್ತು. ಗೂಡಿನಲ್ಲಿ ಹಸಿರು ಪುಡಿ ರಂಗೋಲಿಯಂತೆ ಬಿದ್ದಿತ್ತು. ಅಕ್ಕ ಅದನ್ನು ಪೊರಕೆಕಡ್ಡಿಯಲ್ಲಿ ಗುಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಈ ಸಲದ್ದು ಬೇರೆ ಥರ. ಹಿಟ್ಟಿನ ಗಿರಣಿಯ ರಂಗಸ್ವಾಮಿ. ನಮ್ಮ ಮನೆಯಲ್ಲಿ ಕೆಲವು ತಿಂಗಳಿಂದ ಎಲ್ಲಿ ನೋಡಿದರೂ ಹಿಟ್ಟು. ರಾಗಿ ಹಿಟ್ಟು, ಅಕ್ಕಿ ಹಿಟ್ಟು, ಕಡಲೆ ಹಿಟ್ಟು. ಕೊನೆಗೆ ಅಕ್ಕ ಹುರುಳಿಯನ್ನೂ ಬೀಸಿಸಿಕೊಂಡು ಬಂದಳು. ತಿನ್ನುವುದಕ್ಕಿಂತ ಬೀಸಿಸುವುದು ಹೆಚ್ಚಾದಾಗ ಅವ್ವನಿಗೆ ಅರ್ಥವಾಯಿತು, ಮದುವೆಯ ಮಾತು ಎತ್ತಿದಳು. ರಂಗಸ್ವಾಮಿಯ ಅಜ್ಜಿ ಬೋರಜ್ಜಿ ಅಮಾವಾಸ್ಯೆ ದಿನ ತಮ್ಮ ನಾಣ್ಯವನ್ನು ವೀಳ್ಯದೆಲೆಯಲ್ಲಿ ಸುತ್ತಿಕೊಂಡು ಬಂದಳು. ಊರಿನಲ್ಲಿ ಯಾರು ಜೋರಾಗಿ ಮಾತಾಡಿದರೂ “ನಾಣ್ಯ! ನಾಣ್ಯ!” ಎಂದು ಎಚ್ಚರಿಸುವ ಮುದುಕಿ ಅವಳು. ಗೂಡಿನಲ್ಲಿ ಎಲೆ ಬಿಚ್ಚಿದಳು. ಎಂಥ ಹಸಿರು! ಕೆರೆಯ ಮೆಟ್ಟಿಲಿನ ಪಾಚಿಯಂತೆ. ಪಕ್ಕದಲ್ಲಿ ನಮ್ಮದು ಆಗ ತಾನೇ ಟಂಕಿಸಿದಂತೆ ನಾಚಿಕೆಗೆಟ್ಟು ಹೊಳೆಯುತ್ತಿತ್ತು.

ಮುದುಕಿ ಹೋದಮೇಲೆ ಅಕ್ಕ ನನ್ನ ಮುಂದೆ ಬಂದು ನಿಂತಳು. “ಭದ್ರ, ಇದೂ ಉದುರಿದ್ರೆ ನಾನು ಇನ್ನ್ಯಾರ ಮುಂದೂ ಕೂರಲ್ಲ ಕಣೋ. ನಿನ್ ಸಿಟ್ಟು ನೋಡ್ಕೊಂಡು ಈ ಮನೇಲೇ ಇದ್ದುಬಿಡ್ತೀನಿ.”

“ಆಡಲ್ಲ ಬಿಡು” ಅಂದೆ.

“ಹೆಂಗೆ ಆಡಲ್ಲ?”

“ಬಾಯಲ್ಲಿ ನೀರು ತುಂಬ್ಕೊಂಡು ಓಡಾಡ್ತೀನಿ.”

ಇದು ನಾನು ಕಂಡುಹಿಡಿದದ್ದಲ್ಲ. ನಾಣ್ಯ ಕೂರಿಸಿದ ಮನೆಯವರು ಹೊರಗೆ ಹೊರಡುವಾಗ ಬಾಯಿ ತುಂಬ ನೀರು ತೆಗೆದುಕೊಂಡು ಹೋಗುವುದು ಊರಿನ ಹಳೇ ಉಪಾಯ. ಯಾರದಾದರೂ ಕೆನ್ನೆ ಉಬ್ಬಿದ್ದರೆ ಆ ಮನೆಯಲ್ಲಿ ಲಗ್ನ ಹತ್ತಿರವಾಯಿತು ಎಂದು ಲೆಕ್ಕ. ಎದುರು ಸಿಕ್ಕವರು ಬೇಕೆಂದೇ ಮಾತಿಗೆ ಎಳೆಯುತ್ತಾರೆ, ನಗಿಸುತ್ತಾರೆ. ನಗಿಸಿದರೆ ಅವರ ಅಂಗಿಗೇ ನೀರು, ಆದ್ದರಿಂದ ಸ್ವಲ್ಪ ದೂರ ನಿಂತು ನಗಿಸುತ್ತಾರೆ. ನನ್ನನ್ನು ನೋಡಲಂತೂ ಜನ ಜಗಲಿಗೆ ಬಂದು ಕೂರತೊಡಗಿದರು. ಈರಭದ್ರನ ಬಾಯಿಗೆ ಬೀಗ ಬಿದ್ದ ಪಕ್ಷ ಅದು! ಪಕ್ಕದ ಮನೆಯವರು ಬಚ್ಚಲ ನೀರನ್ನು ನಮ್ಮ ಅಂಗಳಕ್ಕೇ ತಿರುಗಿಸಿದರು. ಸಂತೆಯಲ್ಲಿ ಟೊಮೆಟೊದವನು ಕೊಳೆತದ್ದನ್ನೇ ಆರಿಸಿ ತೂಗಿದ. ಒಬ್ಬ ನನ್ನಿಂದ ಹಿಂದೊಮ್ಮೆ ಬೈಸಿಕೊಂಡವನು ಎದುರಿಗೆ ಬಂದು ನಿಂತು ನನ್ನ ಅಂಗಿಯ ಗುಂಡಿಗಳನ್ನು ನಿಧಾನವಾಗಿ ಬಿಚ್ಚಿ ಮತ್ತೆ ಹಾಕಿ ಹೋದ. ತೋಂಟಪ್ಪ ಅಂಗಡಿಯಿಂದ ಕೂಗಿದ: “ಏನ್ಲಾ ಭದ್ರ, ಮಂಪ್ಸಾ? ಅರಿಶಿನ ಹಚ್ಕೋ!” ಸಿಟ್ಟಿಗೆ ನೀರು ಬಾಯಲ್ಲೇ ಬಿಸಿಯಾಗುತ್ತಿತ್ತು. ಮನೆಗೆ ಬಂದು ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಉಗಿದು, ಒಂದು ಬಂಡಿ ಸೌದೆ ಒಡೆಯುತ್ತಿದ್ದೆ. ಮಳೆಗಾಲಕ್ಕೂ ಆಗುವಷ್ಟು ಸೌದೆ ಬಿತ್ತು.

ಹುಣ್ಣಿಮೆ ಹತ್ತಿರವಾದಾಗ ಒಂದು ಮಧ್ಯಾಹ್ನ ಗೂಡಿನ ಜೇಡರಬಲೆ ತೆಗೆಯಲು ಹೋದೆ. ಬೋರಜ್ಜಿಯ ನಾಣ್ಯವನ್ನು ಒಂದಿಷ್ಟು ಸರಿಸಬೇಕಾಯಿತು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬೋಳು.

ನನ್ನ ಇಕ್ಕಳದ ಕಚ್ಚು.

ನಾನು ಹಿತ್ತಲಿಗೆ ಓಡಿದೆ. ಅಕ್ಕ ಚಾಪೆಯ ಮೇಲೆ ಸಂಡಿಗೆ ಇಡುತ್ತಿದ್ದಳು. “ಅಕ್ಕಾ! ಅದು ಸುಳ್ಳು ಕಣೇ! ಮುದುಕಿ ನಾಣ್ಯ ನನ್ನ ಗಡಿಗೇದು! ಉದುರೋ ಮಾತೇ ಇಲ್ಲ! ಊರಿಗೆಲ್ಲ ನಾಣ್ಯ ನಾಣ್ಯ ಅಂತ ಬುದ್ಧಿ ಹೇಳ್ತಾಳಲ್ಲ, ಅವಳ ಮನೇದೇ...”

“ಗೊತ್ತು” ಅಂದಳು ಅಕ್ಕ, ಸಂಡಿಗೆಯಿಂದ ಕೈ ತೆಗೆಯದೆ.

“ಏನು ಗೊತ್ತು?”

“ರಂಗಸ್ವಾಮಿ ಮೊದ್ಲೇ ಹೇಳಿದ್ರು. ಅವರಜ್ಜಿಗೂ ಅವರಮ್ಮಂಗೂ ಬೆಳಗಾದ್ರೆ ಕೋಳಿಜಗಳ ಅಂತೆ. ಗಿರಣಿ ಶಬ್ದದಲ್ಲಿ ಯಾರಿಗೂ ಕೇಳ್ಸಲ್ಲ ಅಂತಲೇ ಬೇಗ ಗಿರಣಿ ಹಾಕ್ತಾರಂತೆ. ನಾಣ್ಯನ ನಿನ್ನ ಹತ್ರ ಯಾರ ಕೈಲೋ ಕೊಟ್ಟು ಕಳಿಸಿದ್ರಂತೆ, ನಿಂಗೆ ಗೊತ್ತಾಗಿಲ್ಲ.”

ನಾನು ಚಾಪೆಯ ಅಂಚಿಗೆ ಬಂದು ನಿಂತೆ. “ಮತ್ತೆ ನನ್ ಕೈಲಿ ಇಷ್ಟು ದಿನ ಯಾಕೆ ನೀರು ಹೊರಿಸ್ದೆ? ಊರೆಲ್ಲ ನನ್ನ ಮುಖ ನೋಡಿ ನಗ್ತಿದ್ರೆ ನೀನು ಇಲ್ಲಿ ಸಂಡಿಗೆ ಇಡ್ತಿದ್ಯಾ?”

“ಮನೆ ತಣ್ಣಗಿತ್ತು ಕಣೋ” ಅಂದಳು. “ಅವ್ವ ಹಾಡ್ತಿದ್ಲು. ಅಪ್ಪ ಹೋದ್ಮೇಲೆ ಅವ್ವ ಹಾಡಿದ್ದು ಕೇಳಿದ್ಯಾ ನೀನು? ಹೋಗೋಕ್ ಮುಂಚೆ ಒಂದ್ ನಾಕ್ ದಿನ ಹಿಂಗಿರ್ಲಿ ಅನ್ನಿಸ್ತು.”

ನನ್ನ ಕಿವಿ ಬಿಸಿಯಾಯಿತು. ಬಂತು, ನನಗೆ ಗೊತ್ತಿತ್ತು, ಹೊಟ್ಟೆಯಿಂದ ಬೆನ್ನಿಗೆ, ಬೆನ್ನಿಂದ ಕುತ್ತಿಗೆಗೆ ಏರಿ ಬಂತು. ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿಂದ ಅವ್ವ ಕೂಗಿದಳು. “ಭದ್ರಾ! ಇಲ್ಲಿ ಬಾ. ಇದೇನ್ ನೋಡು. ನೀನೇನಾದ್ರೂ ಮಾಡಿದ್ಯಾ?”

ಅವ್ವ ಗೂಡಿನ ಮುಂದೆ ನಿಂತಿದ್ದಳು. ತೋರಿಸಿದ್ದು ಬೋರಜ್ಜಿಯ ನಾಣ್ಯವನ್ನಲ್ಲ, ನಮ್ಮದನ್ನು. ಆನೆಯ ಕಣ್ಣಿರಬೇಕಾದ ಜಾಗದಲ್ಲಿ ಒಂದು ಹಸಿರು ಚುಕ್ಕೆ. ರಾಗಿಕಾಳಿನಷ್ಟಿತ್ತು. ನಾನು ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ. ಬೆರಳಿಗೆ ಬಣ್ಣ ಬರಲಿಲ್ಲ. ಇನ್ನೊಂದು ಸಲ ಉಜ್ಜಿದೆ. ಇಲ್ಲ. ಊರಿಗೆಲ್ಲ ಹಸಿರು ಹಚ್ಚಿದವನು ನಾನು. ನಮ್ಮ ನಾಣ್ಯದ ಮೇಲೆ ಹಸಿರು ನೋಡಿದ್ದು ಅದೇ ಮೊದಲು.

“ನಾನು ಮಾಡಿದ್ದಲ್ಲ” ಅಂದೆ.

“ನೀನೇ ಮಾಡಿದ್ದು” ಅಂದಳು ಅಕ್ಕ ಹಿಂದಿನಿಂದ.

ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು ಹೋಗಿ ಸೌದೆ ಒಡೆದೆ.

ಹುಣ್ಣಿಮೆಗೆ ಬೋರಜ್ಜಿ ಬಂದಳು. ತನ್ನ ನಾಣ್ಯದ ಕಡೆ ನೆಪಕ್ಕೊಂದು ನೋಟ ಹಾಕಿ, ನಮ್ಮದರ ಮೇಲೆ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಮೂಲೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. “ಕಳ್ಳ ನನ್ ಮಗನೇ. ಇದೇ ಕೈ ನಮ್ದಕ್ಕೆ ಯಾಕೆ ಹಾಕ್ಲಿಲ್ಲ? ನಮ್ದು ಬಳಿದಂಗಿದೆ. ಇದು ಹುಟ್ಟಿ ಬಂದಂಗಿದೆ.”

“ಅಜ್ಜಿ, ಇದು ನಿಜವಾಗ್ಲೂ...”

“ಆಯ್ತು ಆಯ್ತು, ನಿಜ ಅಂತಲೇ ಹೇಳೋಣ” ಎಂದು ಕಣ್ಣು ಮಿಟುಕಿಸಿ, ಲಗ್ನ ಗೊತ್ತುಮಾಡಿ ಹೋದಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವ್ವ ನಕ್ಕಳು, ಅಕ್ಕ ನಕ್ಕಳು, ಕೊನೆಗೆ ನಾನೂ ನಕ್ಕೆ. ಲಗ್ನದ ದಿನದವರೆಗೂ ನಾನು ಯಾರ ಮೇಲೂ ಬಾಯಿ ಮಾಡಲಿಲ್ಲ. ಗೂಡಿನ ಮುಂದೆ ಹಾದುಹೋಗುವಾಗಲೆಲ್ಲ ಕುತ್ತಿಗೆ ತಾನಾಗಿ ಅತ್ತ ತಿರುಗುತ್ತಿತ್ತು. ಕಣ್ಣು ಇದೆಯೇ? ಇದೆ.

ಲಗ್ನದ ದಿನ ಎರಡು ಮನೆಯ ನಾಣ್ಯಗಳನ್ನೂ ಅಕ್ಕಿಯ ತಟ್ಟೆಯಲ್ಲಿಟ್ಟು ಚಪ್ಪರದ ತುಂಬ ತೋರಿಸಿಕೊಂಡು ಬರಬೇಕು. ತಟ್ಟೆ ಹಿಡಿಯುವವನು ಹೆಣ್ಣಿನ ತಮ್ಮ. ಅವ್ವ ಮತ್ತೆ ನಾಲ್ಕು ಜನ ಹೆಂಗಸರು ಹಸೆಯ ಹತ್ತಿರ ಹಾಡುತ್ತಿದ್ದರು. ನಾನು ಹೊಸ ಪಂಚೆಯುಟ್ಟು, ತಟ್ಟೆ ಹಿಡಿದು, ಸಾಲು ಸಾಲಾಗಿ ಬಂದೆ. ಮುಂದಿನ ಸಾಲಿನಲ್ಲಿ ರೇಷ್ಮೆ ಶಲ್ಯ ಹೊದ್ದ ತೋಂಟಪ್ಪ. ಅವನು ತಟ್ಟೆಗೆ ಬಗ್ಗಿ, ಕನ್ನಡಕ ಮೇಲೆ ಮಾಡಿ, ಎಲ್ಲರಿಗೂ ಕೇಳುವಂತೆ ಅಂದ.

“ಆಹಾ! ಆನೆಗೆ ಕಣ್ಣು ಬರೆದವ್ನೆ! ಲೇ ಭದ್ರ, ಬರೆಯೋದ್ ಬರೆದೆ, ಬಾಲನೂ ಬರೀಬಾರ್ದಿತ್ತೇನೋ? ಬಣ್ಣ ಹಚ್ಚೋದ್ರಲ್ಲೂ ಜಿಪುಣತನವೇ?”

ಚಪ್ಪರ ಗೊಳ್ಳೆಂದಿತು.

“ಅದು ಬಣ್ಣ ಅಲ್ಲ” ಅಂದೆ.

“ಅಲ್ವಾ? ನಿಮ್ಮನೇಲಿ, ನೀನಿರೋ ಮನೇಲಿ, ನಿಜವಾದ ಹಸಿರು?” ತೋಂಟಪ್ಪ ಎದ್ದು ನಿಂತು ಜನರ ಕಡೆ ತಿರುಗಿದ. “ಸರಿ, ನಿಜ ಅಂತಲೇ ಇಟ್ಕೊಳ್ಳೋಣ. ನಿಜವಾದ್ದಾದ್ರೆ ಜಗಳಕ್ಕೆ ಉದುರ್ಬೇಕಲ್ಲ? ಎಲ್ಲಿ, ಬೈಯಿ ನನ್ನ ಒಂದ್ಸಲ. ಬಾಯ್ತುಂಬ ಬೈಯಿ. ಎಲ್ಲರ ಮುಂದೆ ಉದುರಿದ್ರೆ ನಿಜ ಅಂತ ನಾನೇ ಒಪ್ಕೋತೀನಿ. ಉದುರ್ದೇ ಇದ್ರೆ, ನೀನು ಸುಳ್ಳುಗಾರ, ನಿಮ್ಮವ್ವನೂ ಸುಳ್ಳುಗಾರ್ತಿ.”

ಹಾಡು ನಿಂತಿತು. ಚಪ್ಪರದ ತುಂಬ ಮುಖಗಳು. ಅವರಲ್ಲಿ ಮುಕ್ಕಾಲು ಪಾಲು ಜನರ ಮನೆಯ ನಾಣ್ಯ ನನ್ನ ಹಿತ್ತಲಿನ ಗಡಿಗೆಯೊಳಗೆ ದಾರದಲ್ಲಿ ನೇತಾಡಿ ಬಂದದ್ದು. ತೋಂಟಪ್ಪನ ಹೆಂಡತಿ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ನಾಲಿಗೆಯ ಮೇಲೆ ಎರಡು ಮಾತು ಸಿದ್ಧವಾಗಿದ್ದವು. ಒಂದನ್ನು ಆಡಿದರೆ ತೋಂಟಪ್ಪನ ಮನೆಯ ಹಸಿರು ಎಲ್ಲಿಂದ ಬಂತೆಂದು ಊರಿಗೆ ತಿಳಿಯುತ್ತಿತ್ತು. ಇನ್ನೊಂದು ಬರೀ ಬೈಗುಳ. ಅದನ್ನು ಆಡಿದರೆ ನಮ್ಮ ಚುಕ್ಕೆ ನಿಜವೆಂದು ಎಲ್ಲರ ಕಣ್ಣೆದುರೇ ಸಾಬೀತಾಗುತ್ತಿತ್ತು. ಸಾಬೀತಾಗಿ, ಅಕ್ಕಿಯ ಮೇಲೆ ಪುಡಿಯಾಗಿ ಬೀಳುತ್ತಿತ್ತು.

ಅಕ್ಕ ಹಸೆಯ ಮೇಲಿಂದ ನೋಡಿದಳು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅವಳ ಕಣ್ಣು ಬೇಡುತ್ತಿತ್ತು. ಈಗ ಬೇಡಲಿಲ್ಲ. ಸುಮ್ಮನೆ ನೋಡಿದಳು, ಅಷ್ಟೇ.

ನಾನು ತಟ್ಟೆ ನೋಡಿದೆ. ಆನೆ ತನ್ನ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿತ್ತು.

ತಟ್ಟೆಯನ್ನು ಅಕ್ಕನ ತೊಡೆಯ ಮೇಲೆ ಮೆಲ್ಲಗೆ ಇಟ್ಟೆ. ತಿರುಗಿ ಚಪ್ಪರದ ಬಾಗಿಲ ಕಡೆ ಹೊರಟೆ.

“ನೋಡಿದ್ರೇನ್ರಪ್ಪಾ! ಮಾತೇ ಇಲ್ಲ! ಸಿಕ್ಕಿಬಿದ್ದ!” ತೋಂಟಪ್ಪನ ಗಂಟಲು ಹಿಂದಿನಿಂದ ಬಂತು, ಅದರ ಹಿಂದೆ ನಗು. ಕುತ್ತಿಗೆ ಬಿಸಿಯಾಯಿತು. ಬಾಯಲ್ಲಿ ಹನಿ ನೀರಿರಲಿಲ್ಲ. ಮಾವಿನೆಲೆಯ ತೋರಣದ ಕೆಳಗೆ ತಲೆ ಬಗ್ಗಿಸಿ ಬೀದಿಗೆ ಇಳಿದೆ. ಹಿಂದೆ ಅವ್ವ, ಬಿಟ್ಟ ಸಾಲಿನಿಂದಲೇ, ಮತ್ತೆ ಹಾಡಲು ಶುರುಮಾಡಿದಳು. ನಾನು ನಡೆಯುತ್ತಾ ಹೋದೆ.